ಮೆಟ್ನರನ ಧ್ವನಿಮುದ್ರಿಕೆಗಳೂ ಮೈಸೂರಿನ ಆಶ್ರಯವೂ

ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಣ ಚರಿತ್ರೆಯಲ್ಲಿ ಮೈಸೂರಿನ ಹೆಸರು ಒಂದು ಮುಖ್ಯ ಪ್ರಸಂಗದಲ್ಲಿ ಕಾಣಬರುತ್ತದೆ. ರಷ್ಯಾ ದೇಶದ ಸಂಗೀತರಚಕನಾದ ನಿಕೊಲಾಯ್ ಮೆಟ್ನರನು ತನ್ನ ಕೃತಿಗಳನ್ನು ತಾನೇ ಪಿಯಾನೋ ವಾದ್ಯದಲ್ಲಿ ನುಡಿಸಿ, 1940ರ ದಶಕದ ಉತ್ತರಾರ್ಧದಲ್ಲಿ ಲಂಡನ್ನಿನಲ್ಲಿ ಮುದ್ರಿಸಿದ ತಟ್ಟೆಗಳ ಸಂಪುಟಗಳೇ ಆ ಪ್ರಸಂಗದ ವಿಷಯ. ಅವುಗಳ ವೆಚ್ಚವನ್ನು ವಹಿಸಿದವರು ಶ್ರೀ ಜಯಚಾಮರಾಜೇಂದ್ರ ಒಡೆಯರವರು. ಉತ್ತಮವಾದ ಧ್ವನಿಮುದ್ರಿಕೆ ಎಂದರೆ ಯಾವುದು ಎಂಬ ಪ್ರಶ್ನೆಗೆ ಈ ಸಂಪುಟಗಳು ಒಂದು ವಿಶಿಷ್ಟವಾದ ಉತ್ತರವನ್ನು ಕೊಡುತ್ತವೆ.

ಧ್ವನಿಯ ಸ್ಪಷ್ಟತೆಯೊಂದನ್ನೇ ಪ್ರಮಾಣವಾಗಿ ಹಿಡಿದರೆ ಆ ಕಾಲದ ಅಗ್ರಸ್ಥಾನವು ಬೇರೊಂದು ಸಂಸ್ಥೆಗೆ ಸಲ್ಲತಕ್ಕದ್ದು. 1925ಕ್ಕೆ ಹಿಂದೆ ಗಾಯಕರೂ ವಾದಕರೂ ತಗಡಿನ ಕೊಳವೆಯ ಮುಂದೆ ನಿಂತು ಮುದ್ರಣ ಮಾಡಿಸಬೇಕಾಗಿತ್ತು. ಆ ವರ್ಷ ವಿದ್ಯುತ್ ಮುದ್ರಣವೂ ಮೈಕ್ರೋಫೋನೂ ಬಳಕೆಗೆ ಬಂದುವು. ಎರಡನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ನೌಕೆಗಳ ಸದ್ದನ್ನು ಗುರುತಿಸುವ ಶಿಕ್ಷಣಕ್ಕಾಗಿ ನಡೆದ ಪ್ರಯೋಗಗಳ ಫಲವಾಗಿ, ಡೆಕ್ಕಾ ಸಂಸ್ಥೆಯವರು ಅತಿ ಮಂದ್ರದಿಂದ ಅತಿ ತಾರದವರೆಗಿನ ಧ್ವನಿಯನ್ನು ಹಿಡಿಯಬಲ್ಲ ಕ್ರಮವನ್ನು ಸಿದ್ಧಪಡಿಸಿದರು. ಅನ್ಸರ್ಮೆಯ ನಿರ್ದೇಶನದಲ್ಲಿ 1946ರಲ್ಲಿ ಮುದ್ರಿತವಾದ ಸ್ಟ್ರವಿನ್‌ಸ್ಕಿಯ 'ಪೆಟ್ರೂಷ್ಕ' ಈ ಕ್ರಮಕ್ಕೆ ಪ್ರಸಿದ್ಧವಾದ ನಿದರ್ಶನ.

ಆದರೆ ಸ್ಪಷ್ಟತೆಯಿಂದಲೇ ಎಲ್ಲ ಪ್ರಯೋಜನವೂ ಸಿದ್ಧಿಸುವುದಿಲ್ಲ. ಯಾರ ಸಂಗೀತವು ಮುದ್ರಣಕ್ಕೆ ಯೋಗ್ಯವೆಂಬುದನ್ನು ಬಹುಮಟ್ಟಿಗೆ ಮಾರಾಟವೇ ನಿಶ್ಚಯಿಸುತ್ತಿತ್ತು. ಇದಕ್ಕೆ ಪರಿಹಾರವಾಗಿ ವಾಲ್ಟರ್ ಲೆಗ್ ಎಂಬಾತನು 1931ರಲ್ಲಿ, ಚಂದಾದಾರರಿಂದ ಮುಂಗಡವಾಗಿ ಹಣವನ್ನು ಪಡೆದು ಹ್ಯೂಗೋ ವುಲ್ಫನ ಗೀತಗಳನ್ನು ಮುದ್ರಿಸುವ ಯೋಜನೆಯನ್ನು ಆರಂಭಿಸಿದನು. ಮೆಟ್ನರನಿಗೆ ಅಷ್ಟು ಮಂದಿ ಚಂದಾದಾರರು ದೊರೆಯುವಂತಿರಲಿಲ್ಲ. 1880ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿ, 1921ರಲ್ಲಿ ದೇಶವನ್ನು ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲಸಿದ ಆತನು ನವೀನ ಪಂಥಗಳನ್ನು ಒಪ್ಪದವನು. ಯುದ್ಧಕಾಲದಲ್ಲಿ ಹೃದ್ರೋಗವೂ ಅವನನ್ನು ಬಾಧಿಸಿತು. ಕೃತಿಕಾರನೂ ಅವನ ವಾದನವೂ ಒಟ್ಟಿಗೆ ಮರೆಯಾಗುವ ಕಾಲವು ಸಮೀಪಿಸಿತ್ತು.

ಇಂಥ ಸಮಯದಲ್ಲಿ ಮೈಸೂರಿನ ನೆರವು ಒದಗಿತು. ಒಡೆಯರವರು ಪಾಶ್ಚಾತ್ಯ ಸಂಗೀತದಲ್ಲಿ ಪರೀಕ್ಷೆ ಕೊಟ್ಟು ಲಂಡನ್ನಿನ ಗಿಲ್ಡ್‌ಹಾಲ್ ವಿದ್ಯಾಲಯದಿಂದ 1945ರಲ್ಲಿ ಪದವಿಯನ್ನು ಪಡೆದವರು. ಮುಂದೆ ಕರ್ಣಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರು. ಅವರ ಆಶ್ರಯದಲ್ಲಿ ಮೆಟ್ನರ್ ಸಂಘವು ಸ್ಥಾಪಿತವಾಯಿತು. 1947ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ಮೂರು ಕಂಚೆರ್ಟೋಗಳು 'ಹಿಸ್ ಮಾಸ್ಟರ್ಸ್ ವಾಯ್ಸ್' ಸಂಸ್ಥೆಗಾಗಿ ಮುದ್ರಿತವಾದುವು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನನೂ ಉಳಿದೆರಡಕ್ಕೆ ಈಸಾಯ್ ಡೋಬ್ರೊವೆನನೂ ನಿರ್ದೇಶಕರು. ಮೂರನೆಯ ಕಂಚೆರ್ಟೋವನ್ನು ಮೆಟ್ನರನು ಕೃತಜ್ಞತೆಯಿಂದ ಮಹಾರಾಜರಿಗೆ ಅಂಕಿತಮಾಡಿದನು. 1950ರಲ್ಲಿ ಎಲಿಸಬೆತ್ ಶ್ವಾರ್ಟ್ಸ್‌ಕೋಫ್ ಹಾಡಿದ ಗೀತಗಳಿಗೆ ಅವನೇ ಪಿಯಾನೋ ನುಡಿಸಿದನು. 1951ರಲ್ಲಿ ತೀರಿಕೊಂಡನು.

ಈ ಮುದ್ರಣದ ಕಷ್ಟವನ್ನು ಗ್ರಂಥಸಂಪಾದನೆಯನ್ನು ಬಲ್ಲವರು ಸುಲಭವಾಗಿ ಊಹಿಸಬಹುದು. 12 ಅಂಗುಲದ ತಟ್ಟೆಯ ಒಂದು ಮೈಗೆ ಸುಮಾರು 4 ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ಮೂರನೆಯ ಕಂಚೆರ್ಟೋ ಅರ್ಧ ಗಂಟೆಗೂ ಮಿಕ್ಕದ್ದು. ಅದರ ಅಂಗಗಳು ನಡುವೆ ನಿಲ್ಲದೆ ಒಂದರೊಳಗೊಂದು ಸೇರಿ ಸಾಗುತ್ತವೆ. ಅದನ್ನು ಅಲ್ಲಲ್ಲಿ ಕಡಿದು ನುಡಿಸಬೇಕಾಯಿತು. ಮೇಣದ ಮೇಲೆ ಕೊರೆದುದನ್ನು ತಿದ್ದಲು ಬಾರದು. ಒಂದು ಸ್ವರ ತಪ್ಪಿದರೂ ಆ ಮೈಯನ್ನೇ ಮೊದಲಿನಿಂದ ನುಡಿಸಬೇಕು. ಮೇಣದಿಂದ ಲೋಹದ ಅಚ್ಚು, ಅದರಿಂದ ಮತ್ತೊಂದು, ಅದರಿಂದ ಒತ್ತುವ ಅಚ್ಚು, ಕೊನೆಗೆ ಅರಗಿನ ತಟ್ಟೆ: ಹೀಗೆ ಪ್ರತಿಯಿಂದ ಪ್ರತಿಗೆ ಸಾಗುವಾಗ ಓಲೆಗರಿಗಳ ಲಿಪಿಕಾರರಿಂದಾಗುವಂತೆಯೇ ಇಲ್ಲಿಯೂ ನಷ್ಟವುಂಟು. ಅರಗಿನೊಡನೆ ಬೆರಸಿದ ಕಲ್ಲಿನ ಪುಡಿಯಿಂದ ಮುಳ್ಳಿನ ಕೆಳಗೆ ಸದಾ ಕೇಳಿಬರುವ ಸರಸರ ಶಬ್ದವು ಮತ್ತೊಂದು ದೋಷ.

ಇಷ್ಟಾದರೂ ಈ ತಟ್ಟೆಗಳಿಗೆ ಕವಿಯ ಸ್ವಹಸ್ತಪ್ರತಿಗೆ ಸಮನಾದ ಬೆಲೆಯುಂಟು. ಅಚ್ಚಾದ ಸ್ವರಲಿಪಿಯು ಯಾವ ಸ್ವರವೆಂಬುದನ್ನು ತಿಳಿಸುತ್ತದೆ. ಗತಿಯು ಎಲ್ಲಿ ಎಷ್ಟು ಸಡಿಲಬೇಕು, ಯಾವ ಒಳದನಿಯು ಮೇಲೇಳಬೇಕು ಎಂಬುದನ್ನು ಸಂಪೂರ್ಣವಾಗಿ ತಿಳಿಸಲಾರದು. ಪಂಪನು ತನ್ನ ಕಾವ್ಯವನ್ನು ಹೇಗೆ ಓದುತ್ತಿದ್ದನೆಂಬುದನ್ನು ಇಂದು ಅರಿಯುವ ಮಾರ್ಗವಿಲ್ಲ. ಮೆಟ್ನರನು ತನ್ನ ಕೃತಿಯನ್ನು ಹೇಗೆ ಭಾವಿಸಿದ್ದನೆಂಬುದಕ್ಕೆ ಸಾಕ್ಷ್ಯವು ಉಳಿದಿದೆ. ಆದರೆ ಈ ಸಾಕ್ಷ್ಯಕ್ಕೂ ಮಿತಿಯುಂಟು. ಅದು ಎಪ್ಪತ್ತರ ಸಮೀಪದಲ್ಲಿದ್ದ ರೋಗಿಯ ವಾದನ, ಯೌವನದ ವಾದನವಲ್ಲ. ಆದುದರಿಂದ ಅದನ್ನು ಕೊನೆಯ ಪಾಠವೆಂದು ಎಣಿಸಬಹುದೇ ಹೊರತು ಏಕೈಕ ಪಾಠವೆಂದಲ್ಲ.

ಈ ಸಂಪುಟಗಳ ಅದೃಷ್ಟವು ಮಾತ್ರ ಮಂದವಾಗಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯವರು ದೀರ್ಘಕಾಲ ನುಡಿಯುವ ತಟ್ಟೆಯನ್ನು ಹೊರತಂದರು. 1952ರಲ್ಲಿ ಮೆಟ್ನರನ ಪ್ರಕಾಶಕರೂ ಅದನ್ನೇ ಅನುಸರಿಸಿದರು. ಅರಗಿನ ತಟ್ಟೆಗಳು ಅಂಗಡಿಗಳಿಂದ ಮರೆಯಾದುವು. ದಶಕಗಳ ತರುವಾಯ ಹಳೆಯ ಮುದ್ರಣಗಳು ಕಾಂಪ್ಯಾಕ್ಟ್ ಡಿಸ್ಕುಗಳಿಗೆ ವರ್ಗವಾಗಿ ಮತ್ತೆ ಕೇಳುವಂತಾದುವು.

ಡೆಕ್ಕಾ ತಟ್ಟೆಗಳ ಧ್ವನಿಯನ್ನು ಮುಂದಿನ ಯಂತ್ರಗಳು ಮೀರಿಸಿದುವು. ಆ ಬಗೆಯ ಶ್ರೇಷ್ಠತೆಯು ಕಾಲಕಾಲಕ್ಕೆ ಕೈಬದಲಾಗತಕ್ಕದ್ದು. 1947ರ ಆ ವಾದನವು ಮುದ್ರಿತವಾಗದೆ ಹೋಗಿದ್ದರೆ ಯಾವ ಯಂತ್ರವೂ ಅದನ್ನು ಮರಳಿ ತರಲಾರದಾಗಿತ್ತು. ಮೈಸೂರಿನ ಆಶ್ರಯವು ಉಳಿಸಿದ್ದು ಇದನ್ನೇ.