ಯಕೃತ್ತಿನ ಕಸಿ: ಒಂದು ಅಳತೆಯ ಚರಿತ್ರೆ

ಅರ್ಧ ಗಂಟೆಯ ಮಾತುಕತೆಯಲ್ಲಿ ವೈದ್ಯರು ಇಂದಿನ ಚಿಕಿತ್ಸೆಯನ್ನು ವಿವರಿಸುವಷ್ಟರಲ್ಲೇ ಸಮಯ ಮುಗಿದಿರುತ್ತದೆ. ಆ ಚಿಕಿತ್ಸೆ ನಡೆದುಬಂದ ದಾರಿಯನ್ನು ಹೇಳಲು ಈ ಪುಟಗಳೇ ಅನುಕೂಲ. ಯಕೃತ್ತಿನ ಕ್ಯಾನ್ಸರಿಗೆ ಯಕೃತ್ತನ್ನೇ ಬದಲಾಯಿಸುವ ಚಿಕಿತ್ಸೆಯ ಚರಿತ್ರೆಯಲ್ಲಿ ಓದುಗರು ನೆನಪಿಡಬೇಕಾದ ಒಂದು ಅಳತೆಯಿದೆ. ಅದು 5 ಸೆಂಟಿಮೀಟರ್. ಹೆಚ್ಚುಕಡಿಮೆ ಒಂದು ದೊಡ್ಡ ನಿಂಬೆಹಣ್ಣಿನ ಅಡ್ಡಗಲ.

ನಾವು ಲಿವರ್ ಎಂದೂ ಈಲಿ ಎಂದೂ ಕರೆಯುವ ಯಕೃತ್ತು ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿರುತ್ತದೆ. ವಯಸ್ಕರಲ್ಲಿ ಅದರ ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಮೂತ್ರಪಿಂಡ ಕೈಕೊಟ್ಟರೆ ಡಯಾಲಿಸಿಸ್ ಇದೆ. ಯಕೃತ್ತಿನ ಕೆಲಸವನ್ನು ವರ್ಷಗಟ್ಟಲೆ ಮಾಡಬಲ್ಲ ಯಂತ್ರ ಇನ್ನೂ ಬಂದಿಲ್ಲ. ಇಲ್ಲಿ ಹುಟ್ಟುವ ಕ್ಯಾನ್ಸರ್ ಬಹುಪಾಲು ಆರೋಗ್ಯವಂತ ಯಕೃತ್ತಿನಲ್ಲಿ ಹುಟ್ಟುವುದಿಲ್ಲ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಮದ್ಯ, ಅತಿಯಾದ ಕೊಬ್ಬು ಇವುಗಳಿಂದ ಗಾಯಗೊಂಡು ಗಟ್ಟಿಯಾದ, ಎಂದರೆ ಸಿರೋಸಿಸ್ ಆದ ಯಕೃತ್ತಿನಲ್ಲಿ ಹುಟ್ಟುತ್ತದೆ. ಗೆಡ್ಡೆಯನ್ನು ಕತ್ತರಿಸಿದರೆ ಉಳಿದ ಭಾಗ ತಡೆದುಕೊಳ್ಳದಿರಬಹುದು. ತಡೆದುಕೊಂಡರೂ ಅಲ್ಲಿ ಮತ್ತೊಂದು ಗೆಡ್ಡೆ ಏಳಬಹುದು. ಕಳೆ ಕಿತ್ತರೆ ಸಾಲದು, ಹೊಲವನ್ನೇ ಬದಲಿಸಬೇಕು ಎಂಬ ಯೋಚನೆ ಹುಟ್ಟಿದ್ದು ಹೀಗೆ.

ಮೊದಲ ಪ್ರಯತ್ನ ನಡೆದದ್ದು ಅಮೆರಿಕದ ಡೆನ್ವರ್ ನಗರದಲ್ಲಿ, 1963ರ ಮಾರ್ಚ್ 1ರಂದು. ಶಸ್ತ್ರವೈದ್ಯ ಥಾಮಸ್ ಸ್ಟಾರ್ಜಲ್ ಅವರ ಮುಂದಿದ್ದದ್ದು ಪಿತ್ತನಾಳಗಳ ಜನ್ಮದೋಷವಿದ್ದ ಮೂರು ವರ್ಷದ ಮಗು. ರಕ್ತಸ್ರಾವ ನಿಲ್ಲಲಿಲ್ಲ, ಮಗು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ತೀರಿಕೊಂಡಿತು. ಅದೇ ವರ್ಷದ ಮೇ ತಿಂಗಳ ಎರಡನೆಯ ರೋಗಿ ಯಕೃತ್ತಿನ ಕ್ಯಾನ್ಸರಿನವರು. 22 ದಿನ ಬದುಕಿದರು. ಸಾವುಗಳು ಮುಂದುವರಿದಾಗ ಸ್ಟಾರ್ಜಲ್ ತಾವಾಗಿಯೇ ಕಸಿಯನ್ನು ನಿಲ್ಲಿಸಿದರು. 1967ರಲ್ಲಿ ಮತ್ತೆ ಆರಂಭಿಸಿದಾಗ, ಕ್ಯಾನ್ಸರ್ ಇದ್ದ ಒಂದೂವರೆ ವರ್ಷದ ಹೆಣ್ಣುಮಗು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿತು. ಕೊನೆಗೆ ಆ ಮಗುವನ್ನು ಬಲಿ ತೆಗೆದುಕೊಂಡದ್ದು ಮರುಕಳಿಸಿದ ಕ್ಯಾನ್ಸರ್.

ಆ ಮಗುವಿನ ಸಾವು ಹೇಳಿದ ಪಾಠ ಅರ್ಥವಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು. ನಡುವೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರಾಯ್ ಕಾನ್ 1968ರಲ್ಲಿ ಕಸಿ ಆರಂಭಿಸಿದರು. ಮಣ್ಣಿನ ಬೂಷ್ಟಿನಿಂದ ದೊರೆತ ಸೈಕ್ಲೋಸ್ಪೊರಿನ್ ಎಂಬ ಔಷಧವನ್ನು, ದೇಹ ಪರರ ಅಂಗವನ್ನು ತಿರಸ್ಕರಿಸದಂತೆ ತಡೆಯಲು 1978ರಲ್ಲಿ ಅವರು ರೋಗಿಗಳಿಗೆ ಕೊಟ್ಟರು. ಕಸಿಯ ಫಲಿತಾಂಶ ಬಹಳವಾಗಿ ಸುಧಾರಿಸಿತು. 1983ರಲ್ಲಿ ಅಮೆರಿಕದ ತಜ್ಞರ ಸಭೆಯೊಂದು, ಇದು ಇನ್ನು ಪ್ರಯೋಗವಲ್ಲ, ಚಿಕಿತ್ಸೆ ಎಂದು ಒಪ್ಪಿತು.

ಆದರೆ ಕ್ಯಾನ್ಸರ್ ರೋಗಿಗಳಿಗೆ ಈ ಭಾಗ್ಯ ಒದಗಲಿಲ್ಲ. ಗೆಡ್ಡೆ ದೊಡ್ಡದಾಗಿ, ಬೇರೆ ದಾರಿಯಿಲ್ಲದೆ ಬಂದವರಿಗೆ ಕಸಿ ಮಾಡುತ್ತಿದ್ದರು, ರೋಗ ಮರಳುತ್ತಿತ್ತು. ಉತ್ತರ ಬಂದದ್ದು 1996ರಲ್ಲಿ, ಇಟಲಿಯ ಮಿಲಾನ್‌ನಿಂದ. ವಿಂಚೆಂಝೊ ಮಜ್ಜಾಫೆರೊ ಮತ್ತು ಸಂಗಡಿಗರು ಹೊಸ ಚಾಕುವನ್ನಾಗಲಿ ಹೊಸ ಮದ್ದನ್ನಾಗಲಿ ತರಲಿಲ್ಲ. ಒಂದೇ ಗೆಡ್ಡೆಯಾದರೆ 5 ಸೆಂಟಿಮೀಟರಿನೊಳಗೆ, ಮೂರರವರೆಗೆ ಇದ್ದರೆ ಒಂದೊಂದೂ 3 ಸೆಂಟಿಮೀಟರಿನೊಳಗೆ ಇರಬೇಕು, ದೊಡ್ಡ ರಕ್ತನಾಳಗಳಿಗೆ ನುಗ್ಗಿರಬಾರದು ಎಂದು ಗೆರೆ ಎಳೆದರು. ಹೀಗೆ ಆಯ್ದ 48 ರೋಗಿಗಳಲ್ಲಿ ನಾಲ್ಕು ವರ್ಷದ ಬದುಕುಳಿಯುವಿಕೆ ಶೇಕಡಾ 75 ಎಂದು ಲೆಕ್ಕ ಬಂತು. ಇದೇ ಇಂದಿಗೂ ಬಳಕೆಯಲ್ಲಿರುವ ಮಿಲಾನ್ ಮಾನದಂಡ.

ಆರು ಸೆಂಟಿಮೀಟರ್ ಆದವರ ಗತಿಯೇನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಹಲವು ಕೇಂದ್ರಗಳು ಗೆರೆಯನ್ನು ಸ್ವಲ್ಪ ಸಡಿಲಿಸಿವೆ. ಗೆಡ್ಡೆಗೆ ರಕ್ತ ಹರಿಸುವ ನಾಳವನ್ನು ಮುಚ್ಚಿ, ಅಥವಾ ಸೂಜಿಯ ಮೂಲಕ ಸುಟ್ಟು, ಅದನ್ನು ಗೆರೆಯೊಳಗೆ ತರುವ ವಿಧಾನಗಳೂ ಇವೆ. ಆದರೂ ಗೆರೆ ಬೇಕು, ಏಕೆಂದರೆ ಅಂಗಗಳು ಕಡಿಮೆ. ನಮ್ಮ ದೇಶದಲ್ಲಿ ಮೆದುಳಿನ ಸಾವನ್ನು ಕಾನೂನು ಒಪ್ಪಿದ್ದು 1994ರಲ್ಲಿ. 1998ರಲ್ಲಿ ದೆಹಲಿಯಲ್ಲಿ ತಂದೆಯೊಬ್ಬರು ತಮ್ಮ ಯಕೃತ್ತಿನ ತುಂಡನ್ನು ಪುಟ್ಟ ಮಗನಿಗೆ ಕೊಟ್ಟರು. ಅದು ಭಾರತದ ಮೊದಲ ಯಶಸ್ವೀ ಯಕೃತ್ ಕಸಿಗಳಲ್ಲೊಂದು. ಉಳಿದ ಯಕೃತ್ತು ಮತ್ತೆ ಬೆಳೆಯುತ್ತದೆ ನಿಜ, ಆದರೆ ದಾನಿಗೂ ಅಪಾಯ ಇಲ್ಲದಿಲ್ಲ. ಇಂದಿಗೂ ಭಾರತದಲ್ಲಿ ಹೆಚ್ಚಿನ ಯಕೃತ್ತುಗಳು ಸಿಗುವುದು ಹೀಗೆ ಮನೆಯವರಿಂದಲೇ. ಕರ್ನಾಟಕದಲ್ಲಿ ಮರಣಾನಂತರದ ಅಂಗದಾನದ ವ್ಯವಸ್ಥೆಯನ್ನು ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ.

ಗೆರೆಯೊಳಗೆ ಇರುವಾಗ ಗೆಡ್ಡೆ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಗಾಗಿ ಕಾದವರು ತಡವಾಗಿ ಬರುತ್ತಾರೆ. ಆದ್ದರಿಂದ ಸಿರೋಸಿಸ್ ಇರುವವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಪರೀಕ್ಷೆ ಅಗತ್ಯ. ಹೆಪಟೈಟಿಸ್ ಬಿ ಇರುವವರು ತಮಗೂ ಅದು ಬೇಕೇ ಎಂದು ವೈದ್ಯರನ್ನು ಕೇಳಿ. ಇನ್ನು ನವಜಾತ ಶಿಶುವಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. 1984ರಲ್ಲಿ ಈ ಲಸಿಕೆ ಆರಂಭಿಸಿದ ತೈವಾನ್‌ನಲ್ಲಿ, ಮಕ್ಕಳ ಯಕೃತ್ ಕ್ಯಾನ್ಸರ್ ಹತ್ತು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಆ ಮಕ್ಕಳಿಗೆ ಅಳತೆಯೂ ಬೇಕಾಗಲಿಲ್ಲ, ಕಸಿಯೂ ಬೇಕಾಗಲಿಲ್ಲ.