ಮಲ್ಲೇಶ್ವರದ ಹಿತ್ತಲುಗಳು

ಬೆಂಗಳೂರಿನ ಮಲ್ಲೇಶ್ವರದ ಚರಿತ್ರೆ ಹೇಳುವವರು ದೇವಸ್ಥಾನದಿಂದ ಶುರುಮಾಡುತ್ತಾರೆ, ಇಲ್ಲವೇ ಪ್ಲೇಗಿನಿಂದ. ಎರಡೂ ಸರಿಯೇ. ಆದರೆ ಹಿತ್ತಲಿನ ಮಾತು ಬಾರದಿದ್ದರೆ ಆ ಚರಿತ್ರೆ ಅರ್ಧಕ್ಕೇ ನಿಲ್ಲುತ್ತದೆ. ಈ ಬಡಾವಣೆಗೆ ಅದರ ಗುಣ ಬಂದದ್ದು ಮನೆಗಳಿಂದ ಎಷ್ಟೋ, ಮನೆಗಳ ನಡುವೆ ಬಿಟ್ಟ ಮಣ್ಣಿನಿಂದಲೂ ಅಷ್ಟೇ.

ಬಡಾವಣೆಗಿಂತ ದೇವರು ಹಳಬ. ಶಿವಾಜಿಯ ಮಲತಮ್ಮ ವೆಂಕೋಜಿ ಮೇದರನಿಂಗನಹಳ್ಳಿಯನ್ನು ಮಲ್ಲಿಕಾರ್ಜುನನಿಗೆ, ಅಂದರೆ ಕಾಡು ಮಲ್ಲೇಶ್ವರನಿಗೆ, ಉಂಬಳಿಯಾಗಿ ಬಿಟ್ಟುಕೊಟ್ಟದ್ದನ್ನು 1669ರ ಶಾಸನ ಹೇಳುತ್ತದೆ. ಆಗ ಈ ದಿಣ್ಣೆ ಬೆಂಗಳೂರು ಪೇಟೆಗೆ ದೂರದ ಹಳ್ಳಿಗಾಡು. ಕಾಡು ಮಲ್ಲೇಶ್ವರನ ಆವರಣದಲ್ಲಿ ಇಂದಿಗೂ ಹಳೆಯ ಮರಗಳಿವೆ, ಅವುಗಳ ಬುಡದಲ್ಲಿ ಸಾಲು ಸಾಲು ನಾಗರಕಲ್ಲುಗಳಿವೆ. ಎದುರಿಗೇ ನಂದಿತೀರ್ಥ. ಮಣ್ಣಿನಡಿ ಹೂತುಹೋಗಿದ್ದ ಅದು 1990ರ ದಶಕದ ಕೊನೆಯಲ್ಲಿ ಅಗೆದಾಗ ಮತ್ತೆ ಬೆಳಕು ಕಂಡಿತು. ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಇಳಿಯುತ್ತದೆ. ಈ ನೆಲದೊಳಗೆ ನೀರಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬಡಾವಣೆ ಎದ್ದದ್ದು 1890ರ ದಶಕದಲ್ಲಿ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಹೆಣಗಳು ಬೀಳತೊಡಗಿದಾಗ, ಗಾಳಿ ಬೆಳಕಿರುವ ಜಾಗಕ್ಕೆ ಹೋಗಿ ನೆಲೆಸುವುದು ಜೀವ ಉಳಿಸಿಕೊಳ್ಳುವ ದಾರಿಯಾಯಿತು. ಅತ್ತ ಬಸವನಗುಡಿ, ಇತ್ತ ಮಲ್ಲೇಶ್ವರ ಬೆಳೆದವು. ನೇರವಾದ ಮೇನುಗಳು, ಅವನ್ನು ಕತ್ತರಿಸುವ ಕ್ರಾಸುಗಳು, ಮನೆಗಳ ಬೆನ್ನಿಗೆ ಹೊಲಸು ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು. ಪೇಟೆಯಲ್ಲಿ ಗೋಡೆಗೆ ಗೋಡೆ ಅಂಟಿಸಿ ಕಟ್ಟುತ್ತಿದ್ದರೆ ಇಲ್ಲಿ ಮನೆ ಸೈಟಿನ ಮಧ್ಯದಲ್ಲಿ ನಿಂತಿತು. ಮುಂದೆ ಕೈತೋಟ, ಹಿಂದೆ ಬಾವಿ, ಒಗೆಯುವ ಕಲ್ಲು, ಹಿತ್ತಲು. ರೋಗದ ಭಯದಿಂದ ಬಿಟ್ಟ ಜಾಗ ಒಂದು ತಲೆಮಾರಿನೊಳಗೆ ತೋಪಾಯಿತು.

ಆ ತೋಟಗಳನ್ನು ಯಾವ ಕಲಾವಿದನೂ ನಕ್ಷೆ ಬರೆದು ಮಾಡಲಿಲ್ಲ. ಅವನ್ನು ರೂಪಿಸಿದ್ದು ಪೂಜೆ ಮತ್ತು ಅಡುಗೆ. ಮುಂದುಗಡೆ ದಾಸವಾಳ, ನಂದಿಬಟ್ಟಲು, ಕಣಗಿಲೆ, ಗೇಟಿನ ಪಕ್ಕ ಪಾರಿಜಾತ, ಕಂಬಕ್ಕೆ ಹಬ್ಬಿಸಿದ ಮಲ್ಲಿಗೆ. ಶಿವನಿಗೆ ಬೇಕೆಂದು ಬಿಲ್ವ. ಹಿಂದುಗಡೆ ತೆಂಗು, ಮಾವು, ಹಲಸು, ಸೀಬೆ, ನುಗ್ಗೆ, ಕರಿಬೇವು. ಬಚ್ಚಲ ನೀರು ಹರಿದುಹೋಗುವಲ್ಲಿ ಬಾಳೆ, ಕೆಸು. ಮಕ್ಕಳ ನೆಗಡಿಗೆ ದೊಡ್ಡಪತ್ರೆ. ಬೀದಿಗಳಿಗೂ ಮರಗಳದೇ ಹೆಸರು: ಸಂಪಿಗೆ ರಸ್ತೆ, ಬೇವಿನ ಮರದ ನೆನಪಿನ ಮಾರ್ಗೋಸಾ ರಸ್ತೆ. ಹಿತ್ತಲಿನಲ್ಲಿ ಸಿಗದಿದ್ದನ್ನು ಎಂಟನೇ ಕ್ರಾಸು ಕೊಡುತ್ತದೆ. ವರಮಹಾಲಕ್ಷ್ಮಿ ಹಬ್ಬದ ಮುಂಚಿನ ಸಂಜೆ ಅಲ್ಲಿ ಬಾಳೆಕಂದು, ಮಾವಿನ ಸೊಪ್ಪು, ತಾವರೆ ಮೊಗ್ಗು, ಸೇವಂತಿಗೆಯ ರಾಶಿಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ.

ಮನುಷ್ಯರು ತಮಗೆಂದು ನೆಟ್ಟದ್ದರಲ್ಲಿ ಬೇರೆ ಜೀವಿಗಳೂ ಪಾಲು ಪಡೆದವು. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದನ್ನು ಒರೆಸಿ ಹಾಕಬೇಡಿ. ಅದು ಕಪ್ಪು ರೆಕ್ಕೆಯ ದೊಡ್ಡ ಪಾತರಗಿತ್ತಿಯೊಂದರ ಎಳೆಯ ಹುಳು. ಶತ್ರುಗಳ ಕಣ್ಣು ತಪ್ಪಿಸಲು ಅದಕ್ಕೆ ಆ ವೇಷ. ಸಂಪಿಗೆಯ ಎಲೆ ತಿಂದು ಬೆಳೆಯುವುದು ಹಸಿರು ಚುಕ್ಕೆಗಳ ಇನ್ನೊಂದು ಪಾತರಗಿತ್ತಿ. ಸಂಪಿಗೆಯ ಕಾಯಿ ಒಡೆದು ಕೆಂಪು ಬೀಜ ಹೊರಗೆ ಇಣುಕಿದರೆ ಕುಟ್ರಹಕ್ಕಿ, ಪಿಕಳಾರ, ಗೊರವಂಕಗಳು ಸಾಲುಗಟ್ಟುತ್ತವೆ. ದಾಸವಾಳಕ್ಕೆ ಸೂರಕ್ಕಿ, ಸೀಬೆಗೆ ಹಗಲು ಅಳಿಲು, ರಾತ್ರಿ ಬಾವಲಿ. ಹಳೆಯ ಮರದ ಪೊಟರೆಯಲ್ಲಿ ಹಾಲಕ್ಕಿ ಸಂಸಾರ ಹೂಡುತ್ತದೆ. ಇಲಿ ಜಿರಲೆಗಳನ್ನು ಹಿಡಿದು ತಿನ್ನುವ ಆ ಪುಟ್ಟ ಗೂಬೆಯನ್ನು ಅಪಶಕುನವೆಂದು ಅಟ್ಟುವುದು ನಮಗೇ ನಷ್ಟ.

ಇವೆಲ್ಲಕ್ಕಿಂತ ಅಪರೂಪದ ಜೀವಿಯೊಂದು ಪಕ್ಕದಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾದದ್ದು ಮೈಸೂರು ಅರಸರು ಕೊಟ್ಟ 371 ಎಕರೆಯಲ್ಲಿ. ಬಯಲು ಮತ್ತು ಕುರುಚಲೇ ಹೆಚ್ಚಾಗಿದ್ದ ಆ ನೆಲದಲ್ಲಿ ನೆಟ್ಟು ಬೆಳೆಸಿದ ಮರಗಳು ಇಂದು ಕಾಡಾಗಿವೆ. ಅಲ್ಲಿ ಕಾಡುಪಾಪಗಳಿವೆ. ಕಾಲು ಕಿಲೋ ಆಸುಪಾಸು ತೂಗುವ, ದುಂಡುಗಣ್ಣಿನ ಈ ಪ್ರಾಣಿ ರಾತ್ರಿ ಕೊಂಬೆಯಿಂದ ಕೊಂಬೆಗೆ ಮೆಲ್ಲಗೆ ಸಾಗುತ್ತ ಕೀಟ ಹಿಡಿಯುತ್ತದೆ. ಕೋತಿಯಂತೆ ಅದು ನೆಗೆಯಲಾರದು. ಒಂದು ಮರದ ಕೊಂಬೆ ಇನ್ನೊಂದಕ್ಕೆ ತಾಗಿದ್ದರೆ ಮಾತ್ರ ಅದಕ್ಕೆ ದಾರಿ. ನಡುವಿನ ಒಂದು ಮರ ಕಡಿದರೂ ಆ ದಾರಿ ತುಂಡಾಗುತ್ತದೆ. ಎಷ್ಟು ಮರ ಕಡಿದೆವು, ಎಷ್ಟು ಸಸಿ ನೆಟ್ಟೆವು ಎಂಬ ಲೆಕ್ಕ ಇದನ್ನು ಹೇಳುವುದಿಲ್ಲ.

ಬಡಾವಣೆಯ ಅಂಚಿನ ಸ್ಯಾಂಕಿ ಕೆರೆಯೂ ಮನುಷ್ಯರ ಕೈಯ ಕೆಲಸವೇ. ಊರಿಗೆ ನೀರು ಒದಗಿಸಲೆಂದು 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ್ದು. ಹತ್ತಿರದಲ್ಲಿ ಸರ್ಕಾರಿ ಗಂಧದ ಕೋಠಿ ಇದ್ದುದರಿಂದ ಜನ ಇದನ್ನು ಗಂಧದಕೋಠಿ ಕೆರೆ ಎಂದೂ ಕರೆದರು. ಇಂದು ಅಲ್ಲಿ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ, ಗುಳುಮುಳುಕ ಮುಳುಗಿ ಏಳುತ್ತದೆ, ಮಿಂಚುಳ್ಳಿ ಹೊಂಚು ಹಾಕುತ್ತದೆ. ಬೆಳಗಿನ ವಾಕಿಂಗಿಗೆ ಬರುವ ಹಿರಿಯರಿಗೆ ಈ ದಂಡೆಯ ಮರಗಳು ಮನೆಯವರಷ್ಟೇ ಪರಿಚಿತ. ರಸ್ತೆ ಅಗಲ ಮಾಡಲು, ಮೇಲುಸೇತುವೆ ಕಟ್ಟಲು ಇಲ್ಲಿನ ಮರಗಳಿಗೆ ಕುತ್ತು ಬಂದಾಗಲೆಲ್ಲ ನಿವಾಸಿಗಳು ಬೀದಿಗಿಳಿದಿದ್ದಾರೆ, ಶಾಲೆಯ ಮಕ್ಕಳೂ ಜೊತೆಯಾಗಿದ್ದಾರೆ.

ಆದರೆ ಬೀದಿಯ ಮರಕ್ಕೆ ಹೋರಾಡುವ ನಾವು ನಮ್ಮದೇ ಕಾಂಪೌಂಡಿನೊಳಗೆ ಸೋಲುತ್ತಿದ್ದೇವೆ. ಅಣ್ಣತಮ್ಮಂದಿರ ನಡುವೆ ಸೈಟು ಪಾಲಾಗುತ್ತದೆ, ಹೆಂಚಿನ ಮನೆ ಉರುಳುತ್ತದೆ, ಅಪಾರ್ಟ್‌ಮೆಂಟು ಏಳುತ್ತದೆ, ಕಾರು ನಿಲ್ಲಿಸಲು ಅಂಚಿನವರೆಗೂ ಕಾಂಕ್ರೀಟು ಬೀಳುತ್ತದೆ. ಮಾವಿನ ಮರದ ಜೊತೆಗೆ ಮಳೆಯ ನೀರು ಇಂಗುವ ಜಾಗವೂ ಹೋಗುತ್ತದೆ. ಮಾರುವವರನ್ನು ದೂರಿ ಫಲವಿಲ್ಲ. ದೊಡ್ಡ ಮನೆಯನ್ನು ಒಬ್ಬಿಬ್ಬರು ವೃದ್ಧರು ನೋಡಿಕೊಳ್ಳುವುದು ಕಷ್ಟ, ಮಕ್ಕಳಿಗೂ ಸೂರು ಬೇಕು.

ಮನೆ ಹೋದರೂ ಹಿತ್ತಲು ಪೂರ್ತಿ ಹೋಗಬೇಕಾಗಿಲ್ಲ. ಹೊಸ ಕಟ್ಟಡದ ಹಿಂಬದಿಯಲ್ಲಿ ಒಂದು ಪಟ್ಟಿ ಮಣ್ಣು ಬಿಟ್ಟು, ಪಕ್ಕದ ಕಾಂಪೌಂಡಿನ ಮರವನ್ನು ತಾಗುವಂಥ ಒಂದು ಮರ ಬೆಳೆಸಬಹುದು. ಹಳೆಯ ಬಾವಿಯನ್ನು ಮುಚ್ಚುವ ಬದಲು ಮಹಡಿಯ ಮಳೆನೀರನ್ನು ಸೋಸಿ ಅದಕ್ಕೆ ಇಳಿಸಬಹುದು. ಕನ್ಸರ್ವೆನ್ಸಿ ಗಲ್ಲಿಗಳನ್ನು ಕಸದಿಂದ ಬಿಡಿಸಿ ಎರಡೂ ಬದಿಗೆ ಗಿಡ ಹಾಕಬಹುದು. ಇದಾವುದಕ್ಕೂ ಸರ್ಕಾರದ ಯೋಜನೆ ಬೇಕಿಲ್ಲ, ಅಕ್ಕಪಕ್ಕದವರು ಕೂತು ಮಾತಾಡಿದರೆ ಸಾಕು. ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡುವಾಗ ಬಾಗಿಲು, ಕಂಬ, ಹೆಂಚುಗಳ ಜೊತೆಗೆ ಆ ಮನೆಯ ಬಾವಿಯನ್ನೂ ಹಲಸಿನ ಮರವನ್ನೂ ಬರೆದುಕೊಳ್ಳಬೇಕು. ಪ್ಲೇಗಿಗೆ ಹೆದರಿ ಬಂದ ಹಿರಿಯರು ಗೋಡೆಗಳ ನಡುವೆ ಗಾಳಿಗೂ ಬೆಳಕಿಗೂ ಜಾಗ ಬಿಟ್ಟಿದ್ದರು. ಅವರಿಂದ ಬಂದ ಆಸ್ತಿಯಲ್ಲಿ ಮತ್ತೆ ಕೊಳ್ಳಲು ಸಿಗದಿರುವುದು ಅದೊಂದೇ.