24ರ ಪ್ರಧಾನಿ, 41ರ ಅರಸ

ಚುನಾವಣೆ ಬಂದಾಗಲೆಲ್ಲ ನಮ್ಮ ಧರ್ಮಕೇಂದ್ರಗಳ ಹಿರಿಯರಿಂದ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ನಿನ್ನೆ ಮೊನ್ನೆ ಕಣ್ಣು ಬಿಟ್ಟ ಹುಡುಗರು. ಒಂದು ದಿನವೂ ದುಡಿದು ಉಂಡವರಲ್ಲ. ಇಂಥವರ ಕೈಗೆ ನಾಡನ್ನು ಒಪ್ಪಿಸುವುದೇ?” ಪ್ರಿಯ ಓದುಗರೇ, ಈ ಅಳುಕನ್ನು ಬರಿಯ ಗೊಣಗಾಟವೆಂದು ತಳ್ಳಿಹಾಕಬೇಡಿ. ಹಾಗೆಂದು ಅದೇ ಕೊನೆಯ ತೀರ್ಪೆಂದೂ ಭಾವಿಸಬೇಡಿ. ಚರಿತ್ರೆ ಈ ಮಾತನ್ನು ಹಿಂದೆಯೇ ಒರೆಗೆ ಹಚ್ಚಿ ನೋಡಿದೆ.

1783ರ ಡಿಸೆಂಬರ್ 19ರಂದು ಬ್ರಿಟನ್ನಿನ ದೊರೆ ಮೂರನೆಯ ಜಾರ್ಜ್, ವಿಲಿಯಂ ಪಿಟ್ ಎಂಬ ತರುಣನನ್ನು ಪ್ರಧಾನಿಯನ್ನಾಗಿ ನೇಮಿಸಿದನು. ಅವನಿಗೆ ಆಗ 24 ವರ್ಷ. ತಂದೆಯೂ ಪ್ರಧಾನಿಯಾಗಿದ್ದವನು. ಮಗ ಕೆಲಕಾಲ ವಕೀಲಿ ಮಾಡಿ, 21ರ ವಯಸ್ಸಿನಲ್ಲೇ ಪಾರ್ಲಿಮೆಂಟು ಸೇರಿದ್ದನು. ಆ ಸ್ಥಾನವೂ ಒಬ್ಬ ಸಿರಿವಂತನ ಕೃಪೆಯಿಂದ ದೊರೆತದ್ದು. ಪಾರ್ಲಿಮೆಂಟಿನ ಹಳಬರು ಅವನನ್ನು ಶಾಲೆಯ ಹುಡುಗನೆಂದು ಅಣಕಿಸಿದರು. ಕ್ರಿಸ್ಮಸ್ ಹಬ್ಬದ ತಿಂಡಿ ಮುಗಿಯುವಷ್ಟರಲ್ಲಿ ಅವನ ಮಂತ್ರಿಮಂಡಲವೂ ಮುಗಿಯುವುದೆಂದು ನಕ್ಕರು. ಆ ಮಂತ್ರಿಮಂಡಲ 17 ವರ್ಷ ಬಾಳಿತು.

1784ರ ಜನವರಿಯಲ್ಲಿ, ದುಡಿಮೆಯಿಲ್ಲದೆ ವರ್ಷಕ್ಕೆ 3000 ಪೌಂಡು ತರುವ ಒಂದು ಹುದ್ದೆ ತೆರವಾಯಿತು. ಪಿಟ್ ಸಿರಿವಂತನಲ್ಲ, ಅಂದಿನ ವಾಡಿಕೆಯಂತೆ ಅದನ್ನು ತಾನೇ ಇಟ್ಟುಕೊಳ್ಳಬಹುದಿತ್ತು. ಆದರೆ ಅದನ್ನು ಕರ್ನಲ್ ಬಾರೆ ಎಂಬ ಹಿರಿಯ ಸದಸ್ಯನಿಗೆ ಕೊಟ್ಟು, ಆತನಿಗೆ ಬೊಕ್ಕಸದಿಂದ ಸಲ್ಲುತ್ತಿದ್ದ ಪಿಂಚಣಿಯನ್ನು ಜನರಿಗೆ ಉಳಿಸಿದನು. 1801ರಲ್ಲಿ, ಕಥೋಲಿಕರಿಗೂ ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಹಕ್ಕು ಬೇಕೆಂಬ ಅವನ ಯೋಜನೆಯನ್ನು ದೊರೆ ನಿರಾಕರಿಸಿದಾಗ ಅಧಿಕಾರವನ್ನೇ ತೊರೆದನು.

ಅವನೇನೂ ದೋಷವಿಲ್ಲದವನಲ್ಲ. 1804ರಲ್ಲಿ ಮರಳಿ ಪ್ರಧಾನಿಯಾಗುವಾಗ ಅದೇ ಬೇಡಿಕೆಯನ್ನು ಬದಿಗಿಟ್ಟನು. ಕಥೋಲಿಕರು 1829ರವರೆಗೆ ಕಾಯಬೇಕಾಯಿತು. 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕೈಬಿಟ್ಟುಹೋದದ್ದೂ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದದ್ದೂ ಅವನ ಆಡಳಿತದ ಕಾಲದಲ್ಲೇ. ಆದರೂ ಅವನ ದೋಷಗಳು ಹುಡುಗಾಟಿಕೆಯ ದೋಷಗಳಾಗಿರಲಿಲ್ಲ.

ಈಗ ಪವಿತ್ರ ಗ್ರಂಥದತ್ತ ತಿರುಗೋಣ. ಸೊಲೊಮೋನನ ಮಗ ರೆಹಬ್ಬಾಮನು ಪಟ್ಟವೇರಲು ಶೆಕೆಮಿಗೆ ಬಂದಾಗ, ತಂದೆ ಹೇರಿದ ನೊಗವನ್ನು ಹಗುರಗೊಳಿಸೆಂದು ಜನರು ಬೇಡಿಕೊಂಡರು. ಜನರ ಸೇವಕನಾಗಿ ನಡೆದುಕೊಳ್ಳೆಂದು ಹಿರಿಯರು ಬುದ್ಧಿ ಹೇಳಿದರು. ಅವನು ಅದನ್ನು ತಳ್ಳಿ, ತನ್ನೊಡನೆ ಬೆಳೆದವರ ಮಾತಿನಂತೆ ನೊಗವನ್ನು ಇನ್ನಷ್ಟು ಭಾರಮಾಡುವೆನೆಂದನು. ಹತ್ತು ಕುಲಗಳು ದೂರವಾದವು, ರಾಜ್ಯ ಒಡೆಯಿತು. ಆಗ ಅವನಿಗೆ ಎಷ್ಟು ವಯಸ್ಸು? ಅರಸುಗಳ ಮೊದಲನೆಯ ಗ್ರಂಥ ಹೇಳುವಂತೆ 41. ಎಳಸುತನ ಅವನ ವಯಸ್ಸಿನಲ್ಲಿರಲಿಲ್ಲ. ಓರಗೆಯವರಿಗೆ ಮಾತ್ರ ತೆರೆದ ಕಿವಿಯಲ್ಲಿತ್ತು.

ನಮ್ಮ ಸಂವಿಧಾನ 25 ತುಂಬಿದವರಿಗೆ ವಿಧಾನಸಭೆ ಮತ್ತು ಲೋಕಸಭೆಯ ಬಾಗಿಲನ್ನೂ, 21 ತುಂಬಿದವರಿಗೆ ಪಂಚಾಯಿತಿಯ ಬಾಗಿಲನ್ನೂ ತೆರೆದಿದೆ. 1989ರಿಂದ 18 ತುಂಬಿದವರಿಗೆ ಮತದ ಹಕ್ಕಿದೆ. ಕಾನೂನು ವಯಸ್ಸನ್ನಷ್ಟೇ ಅಳೆಯಬಲ್ಲದು. ಉಳಿದದ್ದನ್ನು ಅಳೆಯಬೇಕಾದವರು ನಾವು. ತರುಣ ಅಭ್ಯರ್ಥಿಯೊಬ್ಬ ನಿಮ್ಮ ಮನೆಬಾಗಿಲಿಗೆ ಬಂದರೆ ಗಮನಿಸಿ: ಸುಲಭವಾಗಿ ಕೈಗೆ ಬರುವ ಹಣವನ್ನು ಅವನು ಬಿಡಬಲ್ಲನೇ? ಯಾರ ಮಾತನ್ನು ಕೇಳುತ್ತಾನೆ? ಯಾವುದಕ್ಕಾಗಿ ಕುರ್ಚಿಯನ್ನು ತೊರೆದಾನು?

ಹಿರಿಯರಲ್ಲಿಯೂ ಒಂದು ಬಿನ್ನಹ. ರೆಹಬ್ಬಾಮನ ಮುಂದೆ ನಿಂತ ಹಿರಿಯರು ಅವನನ್ನು ಅಣಕಿಸಲಿಲ್ಲ, ಬುದ್ಧಿ ಹೇಳಿದರು. ಅದು ಅವರ ಹಿರಿಮೆ. ಆದರೆ ಸೊಲೊಮೋನನ ಕಾಲದಲ್ಲಿ ಜನರ ಹೆಗಲ ಮೇಲೆ ಆ ನೊಗ ಏರಿದಾಗಲೂ ಅದೇ ಹಿರಿಯರು ಆಸ್ಥಾನದಲ್ಲಿದ್ದರು. ಕಿರಿಯರನ್ನು ತೂಗುವ ಮೊದಲು, ನಾವು ಅವರ ಕೈಗೆ ಎಂಥ ನಾಡನ್ನು ಒಪ್ಪಿಸುತ್ತಿದ್ದೇವೆಂದು ನಮ್ಮನ್ನೇ ಕೇಳಿಕೊಳ್ಳೋಣ.